ಗಾಡಿಯ ಆಲ್ಟರ್ನೇಟರ್‌ನಿಂದ ಟ್ರೇಲರ್‌ನ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವುದು: ಮೊದಲು ತಂತಿ, ಆಮೇಲೆ ಚಾರ್ಜರ್

ಆರು ಗಂಟೆ ಗಾಡಿ ಓಡಿಸಿದ್ದೆ. ಹಿಂದೆ ಟ್ರೇಲರ್, ಅದರೊಳಗೆ 200 ಆಂಪ್-ಅವರ್‌ನ ಹೊಸ ಲಿಥಿಯಂ ಬ್ಯಾಟರಿ. ಹೊರಡುವಾಗ ಮಾನಿಟರ್ 48% ತೋರಿಸುತ್ತಿತ್ತು. ತಲುಪಿ ನೋಡಿದರೆ 55%. ದಾರಿಯುದ್ದಕ್ಕೂ ಫ್ರಿಜ್ ಓಡುತ್ತಿತ್ತು, ನಿಜ. ಆದರೂ ಆರು ಗಂಟೆಗೆ 7% ಅಂದರೆ ಏನು ಹೇಳುವುದು? ಮುಂದೆ ಎಂಜಿನ್ ಬಲದಿಂದ ಕರೆಂಟ್ ಹುಟ್ಟಿಸುವ 120 ಆಂಪ್‌ನ ಆಲ್ಟರ್ನೇಟರ್ ಆರಾಮಾಗಿ ತಿರುಗುತ್ತಿತ್ತು. ಬ್ಯಾಟರಿಯಲ್ಲೂ ದೋಷ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ, ನಡುವೆ ಇದ್ದ ಹತ್ತು ಮೀಟರ್ ಸಣ್ಣ ತಂತಿ ಕರೆಂಟನ್ನು ಬಿಡಲೇ ಇಲ್ಲ.

ಲಿಥಿಯಂ ಹಾಕಿದರೆ ಆಲ್ಟರ್ನೇಟರ್ ಸುಟ್ಟು ಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಟ್ರೇಲರ್ ವಿಷಯದಲ್ಲಿ ಹತ್ತಕ್ಕೆ ಒಂಬತ್ತು ಸಲ ಕಥೆ ಉಲ್ಟಾ: ಸುಡುವುದಿರಲಿ, ಬ್ಯಾಟರಿಗೆ ಕರೆಂಟೇ ತಲುಪುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಚಾರ್ಜರ್‌ಗಿಂತ ತಂತಿಯ ಮಾತು ಜಾಸ್ತಿ.

ಇಲ್ಲಿ ಹೇಳುವುದೆಲ್ಲ 12 ವೋಲ್ಟ್ ಗಾಡಿಗೆ, ಮತ್ತು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ. ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಇದೇ. ನಾಲ್ಕು ಸೆಲ್ ಸಾಲಾಗಿ, ಒಂದೊಂದು 3.2 ವೋಲ್ಟ್, ಒಟ್ಟು 12.8.

ನೇರವಾಗಿ ಜೋಡಿಸಿದರೆ ಏನಾಗುತ್ತದೆ

ಗಾಡಿಯ ಬ್ಯಾಟರಿಯಿಂದ ಟ್ರೇಲರ್ ಬ್ಯಾಟರಿಗೆ ಸುಮ್ನೆ ಒಂದು ತಂತಿ ಎಳೆದರೆ ಸಾಲದಾ? ಸೀಸದ ಬ್ಯಾಟರಿ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಲಿಥಿಯಂನಲ್ಲಿ ಎರಡು ತೊಂದರೆ ಇದೆ, ಎರಡೂ ಒಂದಕ್ಕೊಂದು ವಿರುದ್ಧ.

ತಂತಿ ಸಣ್ಣದಿದ್ದರೆ ಕರೆಂಟ್ ಹರಿಯುವುದಿಲ್ಲ. ಗಾಡಿಯ ಕಡೆ 14.2 ವೋಲ್ಟ್ ಇದೆ, ಚಾರ್ಜ್ ಆಗುತ್ತಿರುವ ಲಿಥಿಯಂ 13.4 ವೋಲ್ಟ್‌ನಲ್ಲಿದೆ ಅಂದುಕೊಳ್ಳಿ. ಕರೆಂಟನ್ನು ತಳ್ಳಲು ಉಳಿದಿರುವುದು 0.8 ವೋಲ್ಟ್ ಮಾತ್ರ. 2.5 ಚದರ ಮಿ.ಮೀ. ತಂತಿ ಹತ್ತು ಮೀಟರ್ ಹೋಗಿ ಹತ್ತು ಮೀಟರ್ ವಾಪಸ್ ಬಂದರೆ ಅದರ ರೆಸಿಸ್ಟೆನ್ಸ್ ಸುಮಾರು 0.14 ಓಮ್. 0.8 ಭಾಗಿಸು 0.14, ಆರು ಆಂಪ್ ಕೂಡ ಇಲ್ಲ. ಅದರಲ್ಲಿ ಅರ್ಧ ನನ್ನ ಫ್ರಿಜ್ಜೇ ತಿಂದಿತ್ತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸರಿ, ದಪ್ಪ ಕೇಬಲ್ ಹಾಕೋಣ ಅಂತೀರಿ. 25 ಚದರದ ಕೇಬಲ್ ಹಾಕಿದರೆ ರೆಸಿಸ್ಟೆನ್ಸ್ 0.014 ಓಮ್‌ಗೆ ಇಳಿಯುತ್ತದೆ. ಅದೇ 0.8 ವೋಲ್ಟ್‌ಗೆ ಈಗ 50 ಆಂಪ್‌ಗಿಂತ ಜಾಸ್ತಿ ಹರಿಯುತ್ತದೆ. ಬ್ಯಾಟರಿ ತುಂಬ ಖಾಲಿ ಇದ್ದರೆ ಇನ್ನೂ ಜಾಸ್ತಿ. ಸೀಸದ ಬ್ಯಾಟರಿ ತುಂಬುತ್ತಾ ಬಂದ ಹಾಗೆ ತಾನೇ ಕರೆಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ. ಲಿಥಿಯಂ ಹಾಗಲ್ಲ. ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಸಮ ಎಳೆಯುತ್ತದೆ. ಆಲ್ಟರ್ನೇಟರ್‌ಗೆ ಉಸಿರು ಬಿಡಲು ಪುರುಸೊತ್ತು ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ವೋಲ್ಟೇಜ್ ನೋಡಿ ತೆರೆದು ಮುಚ್ಚುವ ರಿಲೇಗಳು (ತಾವೇ ಕೆಲಸ ಮಾಡುವ ಸ್ವಿಚ್‌ಗಳು) ಸಿಗುತ್ತವೆ. ಎಂಜಿನ್ ಓಡಿ ವೋಲ್ಟೇಜ್ ಏರಿದರೆ ಎರಡೂ ಬ್ಯಾಟರಿ ಸೇರಿಸುತ್ತವೆ, 12.8 ಆಸುಪಾಸಿಗೆ ಇಳಿದರೆ ಬಿಡಿಸುತ್ತವೆ. ತುಂಬಿದ ಲಿಥಿಯಂ ಸುಮ್ಮನೆ ಕೂತಿದ್ದರೂ 13.3 ವೋಲ್ಟ್ ಇರುತ್ತದೆ. ಹಾಗಾಗಿ ಎಂಜಿನ್ ಆಫ್ ಮಾಡಿದ ಮೇಲೂ ರಿಲೇ ಬಿಡಿಸಿಕೊಳ್ಳುವುದೇ ಇಲ್ಲ. ಟ್ರೇಲರ್ ಬ್ಯಾಟರಿ ರಾತ್ರಿಯಿಡೀ ಗಾಡಿಯ ಬ್ಯಾಟರಿಗೆ ಕರೆಂಟ್ ಉಣಿಸುತ್ತಾ ಕೂರುತ್ತದೆ.

ಇದಕ್ಕೆಲ್ಲ ಒಂದೇ ಮದ್ದು ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಸ್ವಲ್ಪ ಏರುಪೇರಾದರೂ, ಅದನ್ನು ಲಿಥಿಯಂಗೆ ಬೇಕಾದ 14.2ಕ್ಕೆ ತಂದು, ನೀವು ಹೇಳಿದಷ್ಟೇ ಕರೆಂಟ್ ಎಳೆದು, ಹಿಂದಕ್ಕೆ ಹರಿಯಲು ಬಿಡದೆ ಕೆಲಸ ಮಾಡುತ್ತದೆ. ಇನ್ನೊಂದು ಲಾಭವೂ ಇದೆ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಯಾವುದೋ ಕಾರಣಕ್ಕೆ ದಿಢೀರ್ ಅಂತ ಕರೆಂಟ್ ಕಡಿದರೆ, ಆ ಏಟು ಬೀಳುವುದು ಚಾರ್ಜರ್‌ಗೆ, ಆಲ್ಟರ್ನೇಟರ್‌ಗಲ್ಲ. ತುಂಬಾ ಕರೆಂಟ್ ಕೊಡುತ್ತಿರುವ ಆಲ್ಟರ್ನೇಟರ್‌ನ ಹೊರೆ ಒಮ್ಮೆಗೇ ಕಳಚಿದರೆ ವೋಲ್ಟೇಜ್ ಕ್ಷಣದಲ್ಲಿ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮುತ್ತದೆ. ಅದರ ಒಳಗಿನ ಡಯೋಡ್‌ಗಳಿಗೂ ಗಾಡಿಯ ಕಂಪ್ಯೂಟರ್‌ಗೂ ಅದು ಒಳ್ಳೆಯದಲ್ಲ.

ಹೆಜ್ಜೆ 1: ನಿಮ್ಮ ಆಲ್ಟರ್ನೇಟರ್ ಎಂಥದ್ದು ನೋಡಿಕೊಳ್ಳಿ

ಮೈಮೇಲೆ 120 ಆಂಪ್ ಎಂದು ಬರೆದಿದ್ದರೆ ಅದು 120 ಕೊಡುತ್ತದೆ ಎಂದಲ್ಲ. ಆ ಸಂಖ್ಯೆ ಬರುವುದು ಆಲ್ಟರ್ನೇಟರ್ ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗುವಾಗ, ಮೈ ತಣ್ಣಗಿರುವಾಗ. ಐಡಲ್‌ನಲ್ಲಿ, ಬಾನೆಟ್ ಒಳಗೆ ಬಿಸಿ ತುಂಬಿರುವಾಗ, ಅರ್ಧ ಸಿಕ್ಕರೆ ಪುಣ್ಯ. ಅದರ ಫ್ಯಾನ್ ಕೂಡ ಅದೇ ಶಾಫ್ಟ್ ಮೇಲೆ ತಿರುಗುತ್ತದೆ. ಅಂದರೆ ನಿಧಾನ ತಿರುಗುವಾಗ ಗಾಳಿಯೂ ಕಮ್ಮಿ. ಜಾಸ್ತಿ ಹೊರೆ, ಕಮ್ಮಿ ಗಾಳಿ. ಆಲ್ಟರ್ನೇಟರ್ ಸುಡುವುದು ಹೆದ್ದಾರಿಯಲ್ಲಲ್ಲ, ಟ್ರಾಫಿಕ್‌ನಲ್ಲಿ ನಿಂತಾಗ.

ಇದರಲ್ಲಿ ಗಾಡಿಯ ಸ್ವಂತ ಖರ್ಚನ್ನು ಕಳೆಯಿರಿ. ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಎಸಿ ಬ್ಲೋವರ್, ಫ್ಯುಯೆಲ್ ಪಂಪ್, ಇಂಜೆಕ್ಟರ್ ಎಲ್ಲ ಸೇರಿ 35ರಿಂದ 50 ಆಂಪ್ ಸುಲಭವಾಗಿ ಹೋಗುತ್ತದೆ. ಹಿಂದೆ ಟ್ರೇಲರ್‌ನ ದೀಪಗಳೂ ಇವೆ, ಮರೆಯಬೇಡಿ.

ಎರಡನೇ ಪ್ರಶ್ನೆ: ಅದು ಸ್ಮಾರ್ಟ್ ಆಲ್ಟರ್ನೇಟರಾ? ಇಂಧನ ಉಳಿಸಲು ಹೊಸ ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರೇ ವೋಲ್ಟೇಜ್ ನಿರ್ಧರಿಸುತ್ತದೆ. ಸಮ ವೇಗದಲ್ಲಿ ಹೋಗುವಾಗ 12.4 ಆಸುಪಾಸಿಗೆ ಇಳಿಸುತ್ತದೆ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ 15ರ ಹತ್ತಿರಕ್ಕೆ ಏರಿಸುತ್ತದೆ. ಪತ್ತೆ ಮಾಡುವುದು ಸುಲಭ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಸಣ್ಣ ವೋಲ್ಟ್‌ಮೀಟರ್ ಹಾಕಿ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಕೂತವರಿಗೆ ನೋಡಲು ಹೇಳಿ. 13.8ರಿಂದ 14.4ರೊಳಗೆ ಸ್ಥಿರವಾಗಿದ್ದರೆ ಹಳೆಯ ಬಗೆ. ಮೇಲೆ ಕೆಳಗೆ ಕುಣಿಯುತ್ತಿದ್ದರೆ ಸ್ಮಾರ್ಟ್. ಈ ಉತ್ತರ ಮುಂದೆ ಮೂರು ಕಡೆ ಬೇಕಾಗುತ್ತದೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳಲ್ಲಿ ಆಲ್ಟರ್ನೇಟರ್ ಬದಲು ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಮಾಡುವ ಕನ್ವರ್ಟರ್ ಇರುತ್ತದೆ. ಅದರಿಂದ ಎಷ್ಟು ಎಳೆಯಬಹುದು ಎಂಬುದನ್ನು ಗಾಡಿಯ ಕೈಪಿಡಿ ಹೇಳಬೇಕು, ಅಂದಾಜಿನ ಮೇಲೆ ಕೈ ಹಾಕಬೇಡಿ.

ಹೆಜ್ಜೆ 2: ಚಾರ್ಜರ್ ಎಷ್ಟು ದೊಡ್ಡದು

ಬ್ಯಾಟರಿಯ ಕಡೆಯಿಂದ ಹೆಚ್ಚು ಚಿಂತೆ ಇಲ್ಲ. ಸಾಮಾನ್ಯವಾಗಿ ಸಾಮರ್ಥ್ಯದ ಅರ್ಧದಷ್ಟು ಆಂಪ್‌ವರೆಗೆ ಚಾರ್ಜ್ ಮಾಡಬಹುದು. 100 ಆಂಪ್-ಅವರ್‌ಗೆ 50 ಆಂಪ್, 200ಕ್ಕೆ 100. ನಿಮ್ಮ ಬ್ಯಾಟರಿಯ ಕಾಗದದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ನಿಜವಾದ ಮಿತಿ ಬರುವುದು ಆಲ್ಟರ್ನೇಟರ್ ಮತ್ತು ಕೇಬಲ್‌ನಿಂದ.

ಇಲ್ಲಿ ತುಂಬಾ ಜನ ಎಡವುವುದು ಒಂದು ಲೆಕ್ಕದಲ್ಲಿ. 30 ಆಂಪ್ ಚಾರ್ಜರ್ ಎಂದರೆ ಗಾಡಿಯಿಂದ 30 ಆಂಪ್ ಎಳೆಯುತ್ತದೆ ಎಂದಲ್ಲ. 30 ಅದು ಬ್ಯಾಟರಿಗೆ ಕೊಡುವುದು. 30 ಗುಣಿಸು 14.2, ಅಂದರೆ 426 ವಾಟ್. ಚಾರ್ಜರ್‌ನ ದಕ್ಷತೆ 90% ಎಂದು ಹಿಡಿದರೆ ಒಳಗೆ ಬೇಕಾದ್ದು 473 ವಾಟ್. ಒಳಬರುವ ವೋಲ್ಟೇಜ್ 13 ಇದ್ದರೆ 36 ಆಂಪ್, 12 ಇದ್ದರೆ 39, 11ಕ್ಕೆ ಇಳಿದರೆ 43. ವೋಲ್ಟೇಜ್ ಬಿದ್ದಷ್ಟೂ ಇದು ಜಾಸ್ತಿ ಎಳೆಯುತ್ತದೆ. ಈ ಸ್ವಭಾವವನ್ನು ನೆನಪಿಡಿ, ಮುಂದಿನ ಹೆಜ್ಜೆಯ ತಲೆನೋವೆಲ್ಲ ಇದರದ್ದೇ.

ನನ್ನ ಕೈಗೆ ಬಂದಿರುವ ಲೆಕ್ಕ ಹೀಗಿದೆ: ಚಾರ್ಜರ್ ಎಳೆಯುವ ಕರೆಂಟ್ ಆಲ್ಟರ್ನೇಟರ್‌ನ ಬರೆದ ಸಾಮರ್ಥ್ಯದ ಮೂರನೇ ಒಂದು ಭಾಗ ದಾಟಬಾರದು. 120 ಆಂಪ್‌ಗೆ 40, ಅಂದರೆ 30 ಆಂಪ್ ಚಾರ್ಜರ್. ಅರ್ಧದವರೆಗೂ ಹೋಗಬಹುದು ಎನ್ನುವವರು ಇದ್ದಾರೆ. ತಂಪು ಹವೆಯಲ್ಲಿ, ಹೆದ್ದಾರಿಯಲ್ಲಿ ಅದು ನಡೆಯುತ್ತದೆ. ಬೇಸಿಗೆ ಮಧ್ಯಾಹ್ನ ಘಾಟಿ ಹತ್ತುವಾಗ ನನಗೆ ಆ ಧೈರ್ಯ ಇಲ್ಲ.

30 ಆಂಪ್ ಸಾಕಾ? ಅರ್ಧ ಖಾಲಿಯಾದ 200ರ ಬ್ಯಾಟರಿಗೆ ಬೇಕಾದ್ದು ಸುಮಾರು 100 ಆಂಪ್-ಅವರ್. ಫ್ರಿಜ್ ಮೂರು ಆಂಪ್ ತಿಂದರೂ 27 ಉಳಿಯುತ್ತದೆ. ಮೂರೂವರೆ ಗಂಟೆಯಲ್ಲಿ 48% ಇದ್ದದ್ದು 95% ಮುಟ್ಟುತ್ತದೆ. ದಿನಕ್ಕೆ ಅರ್ಧ ಗಂಟೆ ಓಡಿಸಿ ಒಂದೇ ಕಡೆ ಬೀಡು ಬಿಡುವವರಿಗೆ ಮಾತ್ರ 50 ಆಂಪ್ ಹಾಕಿದರೂ ಪ್ರಯೋಜನವಿಲ್ಲ. ಅವರು ದುಡ್ಡನ್ನು ಸೋಲಾರ್‌ಗೆ ಹಾಕುವುದು ಲೇಸು. ಸೋಲಾರ್ ಮತ್ತು ಡಿಸಿ-ಡಿಸಿ ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿದರೆ ತೊಂದರೆ ಏನಿಲ್ಲ, ಎರಡರ ಕರೆಂಟ್ ಸೇರಿ ಬ್ಯಾಟರಿಯ ಮಿತಿ ದಾಟದಿದ್ದರೆ ಆಯ್ತು.

ಹೆಜ್ಜೆ 3: ಕೇಬಲ್

ಗಾಡಿಯ ಹಿಂದೆ ಈಗಾಗಲೇ ಇರುವ ಸಾಕೆಟ್ ಮೂಲಕವೇ ಚಾರ್ಜರ್‌ಗೆ ಕರೆಂಟ್ ಕೊಡಬಹುದಾ ಎಂಬುದು ಎಲ್ಲರ ಮೊದಲ ಆಸೆ. 13 ಪಿನ್‌ನ ಯುರೋಪಿಯನ್ ಸಾಕೆಟ್‌ನಲ್ಲಿ 9ನೇ ಪಿನ್ ಸದಾ ಪವರ್ ಇರುವ ಲೈನ್, 10ನೇದು ಇಗ್ನಿಷನ್ ಜತೆ ಬರುವ ಲೈನ್. ಅಮೆರಿಕದ 7 ಪಿನ್‌ನಲ್ಲೂ ಒಂದು 12 ವೋಲ್ಟ್ ಪಿನ್ ಇದೆ. ಇವು ಸೀಸದ ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಕೊಡಲು ಮಾಡಿದ ಲೈನ್‌ಗಳು, ಹಿಂದಿನ ತಂತಿ ಸಣ್ಣದು. ಇದರಲ್ಲಿ 30 ಆಂಪ್ ಚಾರ್ಜರ್ ಓಡಿಸಲು ಹೋಗಬೇಡಿ.

ಯಾಕೆ ಎಂದು ಲೆಕ್ಕ ಹಾಕಿ ನೋಡೋಣ. ತಾಮ್ರದ ತಂತಿಯ ರೆಸಿಸ್ಟೆನ್ಸ್ ಹೀಗೆ ಸಿಗುತ್ತದೆ: ಒಟ್ಟು ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು 0.0175ರಿಂದ ಗುಣಿಸಿ, ತಂತಿಯ ಚದರ ಮಿ.ಮೀ.ನಿಂದ ಭಾಗಿಸಿ. ಒಟ್ಟು ಉದ್ದ ಎಂದರೆ ಹೋಗುವುದೂ ಬರುವುದೂ ಸೇರಿ. ಬಾನೆಟ್‌ನಿಂದ ಹಿಚ್‌ವರೆಗೆ (ಟ್ರೇಲರ್ ಕೊಂಡಿ ಹಾಕುವ ಜಾಗ) ಆರು ಮೀಟರ್, ಅಲ್ಲಿಂದ ಟ್ರೇಲರ್ ಬ್ಯಾಟರಿಗೆ ನಾಲ್ಕು. ಎರಡು ಕಡೆ ಸೇರಿ 20 ಮೀಟರ್. ಗಾಡಿಯ ಕಡೆ 13.8 ವೋಲ್ಟ್ ಇದೆ, ಚಾರ್ಜರ್ 473 ವಾಟ್ ಕೇಳುತ್ತಿದೆ.

16 ಚದರದಲ್ಲಿ 0.8 ವೋಲ್ಟ್ ಕಳೆದು ಚಾರ್ಜರ್‌ಗೆ 13.0 ತಲುಪುತ್ತದೆ. ಒಳ್ಳೆಯದು. 10 ಚದರದಲ್ಲಿ 12.5. ನಡೆಯುತ್ತದೆ. 6 ಚದರದಲ್ಲಿ 11.4 ಮಾತ್ರ, ತಂತಿಯೊಳಗೇ 100 ವಾಟ್ ಬಿಸಿಯಾಗಿ ಹೋಗುತ್ತದೆ. 2.5 ಚದರದಲ್ಲಿ? ಲೆಕ್ಕಕ್ಕೆ ಉತ್ತರವೇ ಇಲ್ಲ. ಅಷ್ಟು ಶಕ್ತಿ ಆ ತಂತಿಯಲ್ಲಿ ದಾಟಲು ಸಾಧ್ಯವೇ ಇಲ್ಲ. ವೋಲ್ಟೇಜ್ ಬೀಳುತ್ತದೆ, ಚಾರ್ಜರ್ ಇನ್ನೂ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಇನ್ನೂ ಬೀಳುತ್ತದೆ, ಕೊನೆಗೆ ಚಾರ್ಜರ್ ತಾನೇ ಆಫ್ ಆಗುತ್ತದೆ. ಹೊರೆ ಹೋದ ತಕ್ಷಣ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಆನ್. ದಾರಿಯುದ್ದಕ್ಕೂ ಹೀಗೆ ಬಿಕ್ಕಳಿಸುತ್ತಾ ಹೋಗುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಎಷ್ಟೋ ಜನರ ನಿಜವಾದ ಕಾಯಿಲೆ ಇದೇ.

ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ಈ ಲೆಕ್ಕವನ್ನು 12.4 ವೋಲ್ಟ್‌ನಿಂದ ಶುರು ಮಾಡಬೇಕು. ಆಗ 16 ಚದರದಲ್ಲಿ 11.5 ತಲುಪುತ್ತದೆ. 10 ಚದರದಲ್ಲಿ 10.9, ಅನೇಕ ಚಾರ್ಜರ್‌ಗಳು ಆಫ್ ಆಗುವ ಅಂಚು ಅದು. ಇಂಥ ಗಾಡಿಗೆ 16ಕ್ಕಿಂತ ಕೆಳಗೆ ಇಳಿಯಬೇಡಿ, 25 ಆದರೆ ಇನ್ನೂ ನೆಮ್ಮದಿ.

ಕೇಬಲ್ ಕೊಳ್ಳುವಾಗ ಎರಡು ಮೋಸಗಳನ್ನು ಗಮನಿಸಿ. ಆಟೋ ಕೇಬಲ್‌ಗಳ ಮೇಲೆ 6 ಮಿ.ಮೀ. ಎಂದು ಬರೆದಿದ್ದರೆ ಎಷ್ಟೋ ಸಲ ಅದು ಇನ್ಸುಲೇಷನ್ ಸೇರಿದ ವ್ಯಾಸ, ತಾಮ್ರದ ಅಳತೆ ಅಲ್ಲ. ಒಳಗಿನ ತಾಮ್ರ 4.6 ಚದರದಷ್ಟೇ ಇರಬಹುದು. ಚದರ ಮಿ.ಮೀ. ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ. ಎರಡನೆಯದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅಲ್ಲೇ ಬಿಟ್ಟು ಬನ್ನಿ. ತವರದ ಲೇಪ ಇರುವ ಒಳ್ಳೆಯ ತಾಮ್ರ ಹೊರಗೆ ಬೆಳ್ಳಿ, ಕೆರೆದರೆ ಕೆಂಪು. ಅದು ಬೇರೆ, ಅದು ಚೆನ್ನಾಗಿರುತ್ತದೆ.

ದಪ್ಪ ಕೇಬಲ್ ಎಳೆಯಲು ಜಾಗವೇ ಇಲ್ಲದಿದ್ದರೆ ಒಂದು ಅಡ್ಡದಾರಿ ಇದೆ. ಗಾಡಿಯಲ್ಲೇ 12ನ್ನು 24 ವೋಲ್ಟ್‌ಗೆ ಏರಿಸಿ, ಟ್ರೇಲರ್‌ನಲ್ಲಿ 24 ವೋಲ್ಟ್ ತೆಗೆದುಕೊಳ್ಳುವ ಚಾರ್ಜರ್ ಇಡುವುದು. ಕರೆಂಟ್ ಅರ್ಧ ಆಗುತ್ತದೆ, ತಂತಿಯ ನಷ್ಟ ಕಾಲು ಭಾಗಕ್ಕೂ ಇಳಿಯುತ್ತದೆ. ಆದರೆ ಎರಡು ಸಲ ಪರಿವರ್ತನೆ ಆಗುವುದರಿಂದ ಅಲ್ಲಿ ಒಂದಿಷ್ಟು ಕಳೆಯುತ್ತದೆ, ಕೆಡುವ ಪೆಟ್ಟಿಗೆಗಳೂ ಎರಡಾಗುತ್ತವೆ. ಬೇರೆ ದಾರಿ ಇಲ್ಲದಾಗ ಮಾತ್ರ.

ಹೆಜ್ಜೆ 4: ಎರಡೂ ತುದಿಗೆ ಫ್ಯೂಸ್

ಈ ಕೇಬಲ್‌ಗೆ ಎರಡು ಕಡೆ ಬ್ಯಾಟರಿ ಇದೆ. ನಡುವಿನ ಚಾರ್ಜರ್‌ನ ಯಾವ ಕಡೆ ಶಾರ್ಟ್ ಆದರೂ ಆ ಕಡೆಯ ಬ್ಯಾಟರಿಯಿಂದ ಬೆಂಕಿ ನುಗ್ಗುತ್ತದೆ. ಆದ್ದರಿಂದ ಫ್ಯೂಸ್ ಎರಡು. ಒಂದು ಗಾಡಿಯ ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಇನ್ನೊಂದು ಟ್ರೇಲರ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ.

30 ಆಂಪ್ ಚಾರ್ಜರ್‌ಗೆ, 16 ಚದರದ ಕೇಬಲ್‌ನಲ್ಲಿ, ಗಾಡಿಯ ಕಡೆ 60 ಆಂಪ್. ಚಾರ್ಜರ್‌ನಿಂದ ಟ್ರೇಲರ್ ಬ್ಯಾಟರಿಗೆ ಹೋಗುವ ತುಂಡಿಗೆ 40 ಆಂಪ್. ಚಾರ್ಜರ್ ತಯಾರಕರು ಬೇರೆ ಸಂಖ್ಯೆ ಹೇಳಿದ್ದರೆ ಅದನ್ನೇ ಪಾಲಿಸಿ. ಲಿಥಿಯಂ ಶಾರ್ಟ್ ಆದಾಗ ಸಾವಿರಾರು ಆಂಪ್ ಹರಿಯಬಲ್ಲದು. ಸಾಧಾರಣ ಬ್ಲೇಡ್ ಫ್ಯೂಸ್ ಅದನ್ನು ಕಡಿಯಲಾರದೆ ಒಳಗೇ ಕಿಡಿ ಹಾರಿಸುತ್ತಾ ಇರಬಹುದು. ಬ್ಯಾಟರಿ ಟರ್ಮಿನಲ್ ಮೇಲೆ ಕೂರುವ ಎಂಆರ್‌ಬಿಎಫ್ ಬಗೆ 10,000 ಆಂಪ್‌ವರೆಗೆ ಕಡಿಯುತ್ತದೆ, ಕ್ಲಾಸ್-ಟಿ 20,000. ಟ್ರೇಲರ್ ಕಡೆಗೆ ಇವುಗಳಲ್ಲೊಂದು ಇರಲಿ. ತಾನೇ ರೀಸೆಟ್ ಆಗುವ ಅಗ್ಗದ ಬ್ರೇಕರ್ ಬೇಡ. ಶಾರ್ಟ್ ಇದ್ದಾಗ ಅದು ಮತ್ತೆ ಮತ್ತೆ ಜೋಡಿಸಿ ಬೆಂಕಿಗೆ ತುಪ್ಪ ಸುರಿಯುತ್ತದೆ.

ಫ್ಯೂಸ್ ಹೋಲ್ಡರ್‌ನ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ಸ್ಟೇನ್‌ಲೆಸ್ ಸ್ಟೀಲ್ ವಾಷರನ್ನು ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕಿವಿ) ಮತ್ತು ಫ್ಯೂಸ್‌ನ ನಡುವೆ ಹಾಕಿ ಬಿಗಿ ಮಾಡಿದ್ದೆ. ಇರಬೇಕಾದ್ದು ಎಲ್ಲದರ ಮೇಲೆ, ನಟ್‌ನ ಕೆಳಗೆ. ಸ್ಟೇನ್‌ಲೆಸ್ ತಾಮ್ರಕ್ಕಿಂತ ಸುಮಾರು 40 ಪಟ್ಟು ಕೆಟ್ಟ ವಾಹಕ. ಎರಡು ಗಂಟೆ ಓಡಿಸಿದ ಮೇಲೆ ಬಾನೆಟ್ ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಹೋಲ್ಡರ್‌ನ ಒಂದು ಬದಿ ಮೇಣದ ಹಾಗೆ ಇಳಿದಿತ್ತು. ಫ್ಯೂಸ್ ಮಾತ್ರ ಹೋಗಿರಲಿಲ್ಲ. ಕರೆಂಟ್ ಜಾಸ್ತಿ ಆಗಿರಲಿಲ್ಲವಲ್ಲ, ಅದು ಯಾಕೆ ಹೋಗಬೇಕು? ಕೆಟ್ಟ ಜೋಡಣೆಯಿಂದ ಹುಟ್ಟುವ ಬಿಸಿಯನ್ನು ಯಾವ ಫ್ಯೂಸೂ ಕಾಯುವುದಿಲ್ಲ. ಲಗ್ ನೇರವಾಗಿ ಫ್ಯೂಸ್‌ಗೆ ತಾಗಬೇಕು, ತಾಮ್ರಕ್ಕೆ ತಾಮ್ರ.

ಹೆಜ್ಜೆ 5: ಎಳೆಯುವುದು, ಜೋಡಿಸುವುದು

ಮೊದಲು ಗಾಡಿಯ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಟ್ರೇಲರ್ ಬ್ಯಾಟರಿಯದ್ದೂ ಬಿಚ್ಚಿ. ಉಂಗುರ, ಸ್ಟೀಲ್ ಬಳೆ, ವಾಚು ಇದ್ದರೆ ತೆಗೆದಿಡಿ.

ಪಾಸಿಟಿವ್, ನೆಗೆಟಿವ್ ಎರಡನ್ನೂ ಜೋಡಿಯಾಗಿ ಹಿಂದಿನವರೆಗೆ ಎಳೆಯಿರಿ. ನೆಗೆಟಿವ್‌ಗೆ ಹಿಚ್ ಬಾಲನ್ನು ನಂಬಬೇಡಿ. ಅಲ್ಲಿ ಗ್ರೀಸ್ ಇದೆ, ತುಕ್ಕು ಇದೆ, ಗುಂಡಿಗೆ ಬಿದ್ದಾಗಲೆಲ್ಲ ಅದು ಕುಣಿಯುತ್ತದೆ. ಸೈಲೆನ್ಸರ್ ಪೈಪ್‌ನಿಂದ ದೂರ, ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳಿಂದ ದೂರ ಇರಲಿ. ತಗಡು ದಾಟುವ ಕಡೆ ರಬ್ಬರ್ ಗ್ರೋಮೆಟ್, ಪೂರ್ತಿ ಉದ್ದಕ್ಕೆ ಕಾಂಡ್ಯೂಟ್ (ಕೇಬಲ್ ಕಾಯುವ ಕೊಳವೆ), ಪ್ರತಿ ಗೇಣಿಗೊಂದು ಕ್ಲಿಪ್ ಬೇಕು.

ಗಾಡಿಯ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಸಣ್ಣ ವೈರ್ ಇದೆಯಾ ನೋಡಿ. ಅದು ಬ್ಯಾಟರಿ ಸೆನ್ಸರ್. ಇದ್ದರೆ ನಿಮ್ಮ ನೆಗೆಟಿವ್ ಕೇಬಲನ್ನು ಟರ್ಮಿನಲ್‌ಗೆ ಹಾಕಬೇಡಿ, ಪಕ್ಕದ ಚಾಸಿ ಬೋಲ್ಟ್‌ಗೆ ಹಾಕಿ. ಇಲ್ಲದಿದ್ದರೆ ನೀವು ಎಳೆಯುವ ಕರೆಂಟ್ ಗಾಡಿಯ ಲೆಕ್ಕಕ್ಕೆ ಬರುವುದಿಲ್ಲ, ಅದರ ಕಂಪ್ಯೂಟರ್ ತಪ್ಪು ತೀರ್ಮಾನ ತೆಗೆದುಕೊಳ್ಳುತ್ತದೆ.

ಹಿಚ್ ಹತ್ತಿರ ಆಂಡರ್ಸನ್ ಬಗೆಯ ಕನೆಕ್ಟರ್ (ಹೆಚ್ಚು ಕರೆಂಟಿಗೆ ಮಾಡಿದ, ಕೈಯಲ್ಲೇ ಚುಚ್ಚಿ ಬಿಚ್ಚುವ ಪ್ಲಗ್) ಹಾಕಿ. 50 ಆಂಪ್ ಸೈಜ್ ಎಲ್ಲ ಕಡೆ ಸಿಗುತ್ತದೆ, ಆದರೆ 16 ಚದರದ ಕೇಬಲ್ ಅದರ ಸಣ್ಣ ಪಿನ್‌ಗೆ ಸರಿಯಾಗಿ ಹಿಡಿಸುವುದಿಲ್ಲ. ಹಿಡಿಸಲು ನಾಲ್ಕು ಎಳೆ ಕತ್ತರಿಸುವವರನ್ನು ನೋಡಿದ್ದೇನೆ. ಹಾಗೆ ಮಾಡುವುದಾದರೆ ದಪ್ಪ ಕೇಬಲ್ ಯಾಕೆ ಕೊಂಡಿರಿ? ಒಂದು ಸೈಜ್ ದೊಡ್ಡ ಕನೆಕ್ಟರ್ ಹಾಕಿ, ಮುಗಿಯಿತು. ಕ್ರಿಂಪ್ ಮಾಡಲು (ಪಿನ್ನನ್ನು ಕೇಬಲ್ ಮೇಲೆ ಅದುಮಿ ಕೂರಿಸಲು) ಹೈಡ್ರಾಲಿಕ್ ಇಕ್ಕಳ ಬೇಕು, ಸುತ್ತಿಗೆಯಲ್ಲಿ ಬಡಿಯುವ ಕೆಲಸ ಅಲ್ಲ. ಕ್ರಿಂಪ್ ಆದ ಮೇಲೆ ಕೇಬಲ್ ಹಿಡಿದು ಜೋರಾಗಿ ಜಗ್ಗಿ. ಅಲ್ಲಾಡಿದರೆ ಕತ್ತರಿಸಿ ಮತ್ತೆ ಮಾಡಿ. ಕನೆಕ್ಟರ್ ಬಳಿ ಕೇಬಲ್‌ಗೆ ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ ಇರಲಿ, ರಸ್ತೆಗೆ ಉಜ್ಜುವಷ್ಟು ಬೇಡ.

ಚಾರ್ಜರನ್ನು ಟ್ರೇಲರ್ ಬ್ಯಾಟರಿಯ ಪಕ್ಕ ಇಡಿ, ಗಾಡಿಯಲ್ಲಲ್ಲ. ಒಳಬರುವ ಕಡೆ ಒಂದು ವೋಲ್ಟ್ ಬಿದ್ದರೆ ಅದು ಸರಿಪಡಿಸಿಕೊಳ್ಳುತ್ತದೆ. ಹೊರಹೋಗುವ ಕಡೆ ಬಿದ್ದರೆ ಬ್ಯಾಟರಿ ತುಂಬಿತೆಂದು ಮೊದಲೇ ತಪ್ಪು ತಿಳಿಯುತ್ತದೆ. ಸುತ್ತ ಗಾಳಿ ಆಡಬೇಕು, 47 ವಾಟ್ ಬಿಸಿ ಅದರ ಮೈಯಿಂದ ಹೊರಗೆ ಹೋಗಬೇಕಲ್ಲ. ಹಾಸಿಗೆ ಬಟ್ಟೆ ತುಂಬುವ ಡಬ್ಬಿಯೊಳಗೆ ಇಡಬೇಡಿ.

ಹಳೆಯ ಬಗೆಯ ಆಲ್ಟರ್ನೇಟರ್ ಆದರೆ ವೋಲ್ಟೇಜ್ ನೋಡಿ ಚಾರ್ಜರ್ ತಾನೇ ಆನ್ ಆಗುತ್ತದೆ. ಸ್ಮಾರ್ಟ್ ಆದರೆ 12.4 ನೋಡಿ ಎಂಜಿನ್ ನಿಂತಿದೆ ಎಂದುಕೊಂಡು ಮಲಗಿಬಿಡುತ್ತದೆ. ಅಂಥ ಗಾಡಿಯಲ್ಲಿ ಇಗ್ನಿಷನ್ ಆನ್ ಆದಾಗ ಮಾತ್ರ ಪವರ್ ಬರುವ ಒಂದು ಸಣ್ಣ ವೈರನ್ನು ಚಾರ್ಜರ್‌ನ ಸಿಗ್ನಲ್ ಟರ್ಮಿನಲ್‌ಗೆ ಕೊಡಿ. 13 ಪಿನ್ ಸಾಕೆಟ್‌ನ 10ನೇ ಪಿನ್‌ನ ಬಡ ತಂತಿ ಈ ಕೆಲಸಕ್ಕೆ ಧಾರಾಳ ಸಾಕು.

ಹೆಜ್ಜೆ 6: ಸೆಟ್ಟಿಂಗ್

ಲಿಥಿಯಂ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ, ಆಮೇಲೆ ಒಳಗಿನ ಸಂಖ್ಯೆಗಳನ್ನೂ ನೋಡಿ. ನಾನು ಇಡುವುದು 14.2 ವೋಲ್ಟ್, ಆ ವೋಲ್ಟೇಜ್‌ನಲ್ಲಿ ಅರ್ಧ ಗಂಟೆ, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5. ಈಕ್ವಲೈಸ್ (ಸೀಸದ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಆಫ್. ತಾಪಮಾನಕ್ಕೆ ತಕ್ಕ ವೋಲ್ಟೇಜ್ ಬದಲಾವಣೆಯೂ ಆಫ್, ಅದು ಸೀಸದ ಬ್ಯಾಟರಿಯ ಗುಣ. 14.6ರವರೆಗೆ ಏರಿಸಬಹುದು, ಆದರೆ ಸೆಲ್‌ಗಳು ಸಮ ಇಲ್ಲದ ಬ್ಯಾಟರಿಯಲ್ಲಿ ಒಂದು ಸೆಲ್ ಮುಂದೆ ಓಡಿ ಬಿಎಂಎಸ್ ಕಡಿದುಬಿಡುತ್ತದೆ. ಲಾಭ ಏನೂ ಇಲ್ಲ.

0 ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಲೇಬಾರದು. ಸೆಲ್ ಒಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಆ ನಷ್ಟ ಮತ್ತೆ ಸರಿಹೋಗುವುದಿಲ್ಲ. ಬಿಎಂಎಸ್‌ನಲ್ಲಿ ಚಳಿಗೆ ಕಡಿಯುವ ವ್ಯವಸ್ಥೆ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ಅಗ್ಗದ ಬ್ಯಾಟರಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಇಲ್ಲದಿದ್ದರೆ ಚಾರ್ಜರ್‌ನ ತಾಪಮಾನ ಸೆನ್ಸರನ್ನು ಬ್ಯಾಟರಿಗೆ ಅಂಟಿಸಿ 5 ಡಿಗ್ರಿಗೆ ಕಡಿಯುವಂತೆ ಇಡಿ.

ಹೆಜ್ಜೆ 7: ಅಳೆದು ನೋಡುವುದು

ಬ್ಯಾಟರಿ ಅರ್ಧ ಖಾಲಿ ಇರುವಾಗ ಮಾಡಿ. ತುಂಬಿದ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದರೆ ನಿಮ್ಮನ್ನು ನೀವೇ ಮೋಸ ಮಾಡಿಕೊಂಡ ಹಾಗೆ. ಎಂಜಿನನ್ನು 2000 ಸುತ್ತಿನಲ್ಲಿ ಹಿಡಿದು ಮೂರು ಕಡೆ ವೋಲ್ಟೇಜ್ ಅಳೆಯಿರಿ: ಗಾಡಿಯ ಬ್ಯಾಟರಿ, ಹಿಚ್ ಹತ್ತಿರದ ಕನೆಕ್ಟರ್, ಚಾರ್ಜರ್‌ನ ಒಳಬಾಗಿಲು. ನಮ್ಮ ಉದಾಹರಣೆಯಲ್ಲಿ 13.8, 13.3, 12.9 ಬಂದರೆ ಕೇಬಲ್ ತನ್ನ ಕೆಲಸ ಮಾಡುತ್ತಿದೆ.

ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಜಾಸ್ತಿ ಬಿದ್ದಿದ್ದರೆ ಜೋಡಣೆಗಳನ್ನು ಒಂದೊಂದಾಗಿ ಹಿಡಿಯಿರಿ. ಮೀಟರ್‌ನ ಒಂದು ಕಡ್ಡಿ ಜೋಡಣೆಯ ಈಚೆ, ಇನ್ನೊಂದು ಆಚೆ. 0.05 ವೋಲ್ಟ್ ಒಳಗೆ ಇದ್ದರೆ ಸರಿ. 0.1 ದಾಟಿದರೆ ಉಗುರಿನಷ್ಟು ಜಾಗದಲ್ಲಿ ನಾಲ್ಕು ವಾಟ್ ಹತ್ತಿರ ಬಿಸಿ ಹುಟ್ಟುತ್ತಿದೆ ಎಂದರ್ಥ. ಬಿಚ್ಚಿ ನೋಡಿ. ನೆಗೆಟಿವ್ ಕಡೆಯನ್ನೂ ಹೀಗೇ ಅಳೆಯಿರಿ, ಜನ ಅದನ್ನು ಮರೆಯುತ್ತಾರೆ.

ಆಮೇಲೆ ಐಡಲ್‌ಗೆ ಇಳಿಸಿ, ಹೆಡ್‌ಲೈಟ್ ಮತ್ತು ಎಸಿ ಹಾಕಿ, ಇಪ್ಪತ್ತು ನಿಮಿಷ ಬಿಡಿ. ಗಾಡಿಯ ಬ್ಯಾಟರಿ 13ಕ್ಕಿಂತ ಕೆಳಗೆ ಜಾರುತ್ತಾ ಹೋದರೆ ಆಲ್ಟರ್ನೇಟರ್ ಸಾಲುತ್ತಿಲ್ಲ, ಚಾರ್ಜರ್ ಎಳೆಯುತ್ತಿರುವುದು ಗಾಡಿಯ ಬ್ಯಾಟರಿಯಿಂದ. ಸ್ಮಾರ್ಟ್ ಆಲ್ಟರ್ನೇಟರ್‌ಗೆ ಈ ಸಂಖ್ಯೆ ಅನ್ವಯಿಸದು, ಅಲ್ಲಿ ಕ್ಲ್ಯಾಂಪ್ ಮೀಟರನ್ನು (ತಂತಿ ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಗಾಡಿಯ ಬ್ಯಾಟರಿ ಕೇಬಲ್‌ಗೆ ಹಾಕಿ ಕರೆಂಟ್ ಯಾವ ಕಡೆ ಹರಿಯುತ್ತಿದೆ ನೋಡಬೇಕು. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಆಲ್ಟರ್ನೇಟರ್ ಮೈಗೆ ಗುರಿ ಇಡಿ. 100 ಡಿಗ್ರಿ ದಾಟಿ ಇನ್ನೂ ಏರುತ್ತಿದ್ದರೆ ಚಾರ್ಜರ್‌ನ ಕರೆಂಟ್ ಮಿತಿಯನ್ನು 20ಕ್ಕೆ ಇಳಿಸಿ ಮತ್ತೆ ನೋಡಿ. ಅಥವಾ ಒಳಬರುವ ವೋಲ್ಟೇಜ್ ಬಿದ್ದರೆ ಚಾರ್ಜರ್ ನಿಲ್ಲುವ ಹಾಗೆ ಆ ಅಂಚನ್ನು ಸ್ವಲ್ಪ ಮೇಲಕ್ಕೆ ಇಡಿ. ಟ್ರಾಫಿಕ್‌ನಲ್ಲಿ ನಿಂತಾಗ ಹತ್ತು ನಿಮಿಷ ಚಾರ್ಜ್ ಆಗದಿದ್ದರೆ ಏನೂ ಮುಳುಗಿ ಹೋಗುವುದಿಲ್ಲ.

ಮೊದಲ ಉದ್ದ ಪ್ರಯಾಣ ಮುಗಿದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಹೊಸ ಲಗ್‌ಗಳು ಕೂತುಕೊಳ್ಳುತ್ತವೆ, ಒಂದು ಕಾಲು ಸುತ್ತು ಸಿಕ್ಕೇ ಸಿಗುತ್ತದೆ.

ಬ್ರೇಕ್‌ನ ಬಗ್ಗೆ ಒಂದು ಮಾತು

ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ಗಳಲ್ಲಿ ಒಂದು ಬ್ರೇಕ್‌ಅವೇ ಸ್ವಿಚ್ ಇರುತ್ತದೆ. ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಪಿನ್ ಕಿತ್ತು ಬಂದು ಬ್ರೇಕ್ ತಾನೇ ಹಿಡಿಯುತ್ತದೆ. ಆ ಬ್ರೇಕ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ತಂತಿ ಹಿಡಿದು ಹೋಗಿ ನೋಡಿ. ಎಷ್ಟೋ ಟ್ರೇಲರ್‌ಗಳಲ್ಲಿ ಅದು ಒಳಗಿನ ದೊಡ್ಡ ಬ್ಯಾಟರಿಯಿಂದಲೇ. ಸೀಸದ ಬ್ಯಾಟರಿ ಖಾಲಿಯಾಗುತ್ತಾ ಬಂದರೂ ಒಂದಿಷ್ಟು ಕೊಡುತ್ತಿತ್ತು. ಲಿಥಿಯಂ ಹಾಗಲ್ಲ, ಖಾಲಿಯಾದರೆ ಬಿಎಂಎಸ್ ಪೂರ್ತಿ ಕಡಿಯುತ್ತದೆ, ಸೊನ್ನೆ. ಅಂದರೆ ಬ್ಯಾಟರಿ ಸತ್ತಿರುವ ದಿನ ಬ್ರೇಕೂ ಸತ್ತಿರುತ್ತದೆ.

ಲಿಥಿಯಂಗೆ ಬದಲಾಯಿಸುವಾಗಲೇ ಬ್ರೇಕ್‌ಗೆಂದು ಒಂದು ಪುಟ್ಟ ಸೀಸದ ಬ್ಯಾಟರಿಯನ್ನು ಬೇರೆ ಇಡಿ, ಅದರದ್ದೇ ಪುಟ್ಟ ಚಾರ್ಜರ್ ಜತೆ. ಹೊರಡುವ ಮೊದಲು, ಗಾಡಿಯ ಸಾಕೆಟ್‌ಗಳನ್ನು ಇನ್ನೂ ಚುಚ್ಚದಿರುವಾಗ, ಆ ಪಿನ್ ಕಿತ್ತು ಚಕ್ರ ಹಿಡಿಯುತ್ತದಾ ನೋಡಿ, ಪಿನ್ನನ್ನು ವಾಪಸ್ ಹಾಕಿ. ಇಳಿಯುವಾಗ ಎಂಜಿನ್ ಆಫ್ ಮಾಡಿ, ಚಾರ್ಜರ್ ನಿಂತ ಮೇಲೆ ಆಂಡರ್ಸನ್ ಬಿಚ್ಚಿ. 40 ಆಂಪ್ ಹರಿಯುವಾಗ ಕಿತ್ತರೆ ಪಿನ್‌ಗಳ ಮೇಲೆ ಕಪ್ಪು ಗುಳಿ ಬೀಳುತ್ತದೆ, ಮುಂದಿನ ಸಲ ಬಿಸಿಯಾಗುವುದು ಅಲ್ಲಿಂದಲೇ.